ಒಳಗೆ ಬಿಟ್ಟ ಬಟ್ಟೆ

ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಸೊಸೆಗೆ ಹೊಲಿಗೆಯೆಂದರೆ ಜೀವ. ಮನೆಮಂದಿಯ ಹರಿದದ್ದು, ಸಡಿಲಾದದ್ದು ಎಲ್ಲ ಸರಿಮಾಡಿಕೊಟ್ಟು, ಎಂಟು ಭಾನುವಾರ ಹೇಗೋ ಬಿಡುವು ಹೊಂಚಿ, ತನಗೆಂದು ಮೊದಲ ಸಲ ಒಂದು ನೀಲಿ ಅಂಗಿ ಹೊಲಿದುಕೊಂಡಿದ್ದಳು. ಅದನ್ನು ತೊಟ್ಟು ಕನ್ನಡಿಯ ಮುಂದೆ ಒಮ್ಮೆ ತಿರುಗಿದ್ದಳಷ್ಟೆ, ನಾದಿನಿ ಬಂದಳು.

“ಅಯ್ಯೋ ಅತ್ತಿಗೆ, ಈ ಬಣ್ಣ ನಿಮಗಿಂತ ನನಗೇ ಒಪ್ಪುತ್ತೆ ಕಣ್ರೀ! ಕೊಟ್ಬಿಡಿ.”

“ನಿನಗೆ ಬಿಗಿಯಾಗುತ್ತಮ್ಮ.”

ಅತ್ತೆ ಬಂದು ಅಂಗಿಯ ಮಗ್ಗುಲು ಮಗುಚಿ ನೋಡಿದರು. “ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೀಯಲ್ಲೇ! ಹೊಲಿಗೆ ಬಿಚ್ಚಿದ್ರೆ ಅವಳಿಗೂ ಹಿಡಿಯುತ್ತೆ. ನೀನು ಇನ್ನೊಂದು ಹೊಲ್ಕೋ. ನಿನಗೇನು, ಕೈಯಲ್ಲೇ ಕಸುಬಿದೆ.”

ಸೊಸೆ ಬೇರೆ ಬಟ್ಟೆ ತೊಟ್ಟು, ನೀಲಿ ಅಂಗಿಯನ್ನು ಕೈಯಲ್ಲಿ ಹಿಡಿದು ಬಂದಳು. ಹೊಲಿಗೆ ಬಿಚ್ಚುತ್ತಾಳೆಂದು ನಾದಿನಿ ಪಕ್ಕದಲ್ಲೇ ಕಾದು ಕೂತಳು. ಸೊಸೆ ಕತ್ತರಿ ತೆಗೆದುಕೊಂಡು, ಎರಡೂ ಮಗ್ಗುಲಲ್ಲಿ ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊಲಿಗೆಗೆ ಒತ್ತಿಕೊಂಡೇ ಕರಕರ ಕತ್ತರಿಸಿಬಿಟ್ಟಳು.

“ಬಿಚ್ಚೋಕೆ ಇನ್ನೇನೂ ಉಳಿದಿಲ್ಲ ಅತ್ತೆ.”

“ನಿನ್ನ ಹೊಟ್ಟೆಕಿಚ್ಚಿಗಿಷ್ಟು!” ಎಂದು ಅತ್ತೆ ಹೊರಟುಹೋದರು.

ಅಂಚಿಲ್ಲದ ಹೊಲಿಗೆ ನಾಲ್ಕು ಒಗೆತಕ್ಕೆ ಬಾಯಿಬಿಡುತ್ತದೆಂದು ಸೊಸೆಗೆ ಗೊತ್ತಿತ್ತು. ನಾಲ್ಕು ಒಗೆತದವರೆಗಾದರೂ ಅಂಗಿ ಅವಳದು.