ಓಬಳಪ್ಪನ ಉಪ್ಪು

"ಉಪ್ಪು ತರ್ರೋ ಯಾರಾದ್ರೂ!"

ಕುಣಿಯೊಳಗೆ ಅಣ್ಣನ ಹೆಣವನ್ನು ನೆಟ್ಟಗೆ ಮಲಗಿಸಿ, ಮೇಲೆ ಹತ್ತುತ್ತಾ ಗೋಣೆಪ್ಪ ಕೂಗಿದ. ಹೆಣದ ಮೇಲೆ ಹಾಕಬೇಕಾದ ಉಪ್ಪನ್ನೇ ಗಡಿಬಿಡಿಯಲ್ಲಿ ಮರೆತಿದ್ದರು.

ಅಷ್ಟರಲ್ಲಿ ನ್ಯಾಮತಿಯಿಂದ ರೇಣುಕಪ್ರಸಾದ್ ಬೈಕಿನಲ್ಲಿ ಬಂದಿಳಿದ. ಸತ್ತ ಓಬಳಪ್ಪ ಹನ್ನೊಂದು ವರ್ಷ ದುಡಿದ ಹಂದಿ ಫಾರಮ್ಮಿನ ಸಾಹುಕಾರ. ಮೂಗಿಗೆ ಕರವಸ್ತ್ರ. ಫಾರಮ್ಮಿಗೆ ಬಂದರೂ ಹಾಗೇ. ಆ ವಾಸನೆಯಿಂದ ಎದ್ದ ಮೂರಂತಸ್ತಿನ ಮನೆಯಲ್ಲಿ ಮಾತ್ರ ಕರವಸ್ತ್ರ ಬೇಕಾಗುತ್ತಿರಲಿಲ್ಲ.

"ನನ್ನ ಉಪ್ಪು ತಿಂದೋನು ನೋಡ್ರಿ, ಬರದೆ ಇರಾಕೆ ಆಗ್ಲಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ಓಬಳಪ್ಪನ ಹೆಂಡತಿ ಕಸ್ತೂರಮ್ಮನ ಹತ್ತಿರ ಬಗ್ಗಿ ದನಿ ಇಳಿಸಿದ. "ಆ ಚೀಲ ನಿಮ್ಮನೇಲೇ ಐತಲ್ಲ? ನಾಳೆ ಹಿಂಡಿ ಕಲಸಬೇಕು. ಮೂಟೆಗೆ ಎಷ್ಟು ಹಾಕ್ತಿದ್ದ, ಹೇಳಿದ್ನಾ?"

ಹೆಣ ಇನ್ನೂ ಮಣ್ಣು ಕಂಡಿರಲಿಲ್ಲ.

*

ನಾಲ್ಕು ವರ್ಷದ ಹಿಂದೆ ಸೋಯಾ ಹಿಂಡಿ ತುಟ್ಟಿಯಾಯಿತೆಂದು ಸಾಹುಕಾರ ಶೇಂಗಾ ಹಿಂಡಿಗೆ ಇಳಿದ. ಹಂದಿಗಳಿಗೆ ಕೊಬ್ಬು ಬಂತು, ಮಾಂಸ ಬರಲಿಲ್ಲ. ದನದ ಡಾಕ್ಟರು ಬಂದು, "ಶೇಂಗಾದಲ್ಲಿ ಮಾಂಸ ಕಟ್ಟೋ ಲೈಸಿನ್ ಕಮ್ಮಿ, ಅದನ್ನ ಬೇರೆ ಬೆರೆಸ್ರಿ" ಎಂದು ಒಂದು ಬಿಳಿ ಪುಡಿ ತೋರಿಸಿ ಹೋದರು. ಅಳತೆ ಕಂಡುಕೊಂಡವನು ಓಬಳಪ್ಪ. ಸೂಳೆಕೆರೆಯ ಮೀನಿನ ತಲೆಗಳನ್ನು ಒಣಗಿಸಿ ಕುಟ್ಟಿ ಹಿಂಡಿಗೆ ಸೇರಿಸಿದ. ಪುಡಿಯನ್ನು ಒಂದು ಚಮಚ ಏರಿಸುವುದು, ಅರ್ಧ ಚಮಚ ಇಳಿಸುವುದು, ಶನಿವಾರ ಶನಿವಾರ ಒಂದೊಂದೇ ಹಂದಿಯನ್ನು ತೂಗುವುದು. ಒಂದು ವರ್ಷ ಇದೇ ಹುಚ್ಚು. ಕೊನೆಗೆ ಅವನ ಹಂದಿಗಳು ಸೋಯಾ ತಿಂದವನ್ನೂ ಮೀರಿಸಿದವು. ಆ ಅಳತೆ ಗೊತ್ತಿದ್ದದ್ದು ಅವನಿಗೂ ಅವನ ಚಮಚಕ್ಕೂ ಮಾತ್ರ.

"ಬೇರೆ ಫಾರಮ್ಮಿನೋರಿಗೆ ತಿಳೀಬಾರ್ದು," ಎಂದ ಸಾಹುಕಾರ. "ಚೀಲ ನಿನ್ನ ಮನೇಲಿರ್ಲಿ. ಯಾರು ಕೇಳಿದ್ರೂ ಉಪ್ಪು ಅನ್ನು."

ಓಬಳಪ್ಪ ಹೆಂಡತಿಗೂ ಉಪ್ಪು ಎಂದೇ ಹೇಳಿದ. ಅವಳು ಅದನ್ನೇ ಸಾರಿಗೆ ಹಾಕಿದ ದಿನ ನಿಜ ಬಾಯಿಬಿಟ್ಟು, ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು.

ಆ ವರ್ಷದ ಕೃಷಿ ಮೇಳದಲ್ಲಿ ಬಹುಮಾನದ ಶಾಲು ಬಿದ್ದದ್ದು ಸಾಹುಕಾರನ ಹೆಗಲಿಗೆ. ಓಬಳಪ್ಪ ಹಂದಿಯ ಹಗ್ಗ ಹಿಡಿದು ನಿಂತಿದ್ದ.

ನಿನ್ನೆಯೂ ಶನಿವಾರ. "ಎದೆ ಹಿಂಡ್ತೈತೆ ಸಾವ್ಕಾರ್ರೆ," ಎಂದಿದ್ದಕ್ಕೆ, "ತೂಕ ಮುಗಿಸಿ ಆಸ್ಪತ್ರೆಗೆ ಹೋಗು," ಎಂಬ ಉತ್ತರ ಬಂತು. ನಲವತ್ತೆರಡು ಹಂದಿ. ಓಬಳಪ್ಪ ಅಷ್ಟನ್ನೂ ಮುಗಿಸಿಯೇ ಬಿದ್ದ.

*

ಕಸ್ತೂರಮ್ಮ ಎದ್ದು ಮನೆಗೆ ಹೋಗಿ, ಅರ್ಧ ತುಂಬಿದ ಚೀಲವನ್ನು ಸೊಂಟಕ್ಕೇರಿಸಿಕೊಂಡು ಬಂದಳು. ರೇಣುಕಪ್ರಸಾದ್ ಕರವಸ್ತ್ರವನ್ನು ಜೇಬಿಗಿಟ್ಟು ಎರಡೂ ಕೈ ಚಾಚಿದ. ಅವಳು ಅವನನ್ನು ದಾಟಿ ಹೋಗಿ ಚೀಲವನ್ನು ಕುಣಿಯೊಳಗೆ ಬಗ್ಗಿಸಿದಳು.

"ಏಯ್, ಅದು ಉಪ್ಪಲ್ಲ!"

"ಮತ್ತೇನ್ರಿ ಸಾವ್ಕಾರ್ರೆ?" ಎಂದ ಗೋಣೆಪ್ಪ.

ಎಲ್ಲರೂ ತಿರುಗಿದರು. ಹೊನ್ನಾಳಿಯಲ್ಲಿ ಹಂದಿ ಫಾರಂ ಇಟ್ಟಿರುವ ತಿಪ್ಪೇಶಪ್ಪನೂ ಕಿವಿ ನೆಟ್ಟಗೆ ಮಾಡಿದ. ಅವನನ್ನು ಕಂಡ ರೇಣುಕಪ್ರಸಾದ್ ಕರವಸ್ತ್ರವನ್ನು ಮತ್ತೆ ತೆಗೆದು ಬಾಯಿಗೆ ಒತ್ತಿಕೊಂಡ.

"ಉಪ್ಪೇ," ಎಂದಳು ಕಸ್ತೂರಮ್ಮ. "ನೀವೇ ಹೇಳಿದ್ದಲ್ರಿ?"

ಅವಳು ಚೀಲವನ್ನು ಕೊಡವಿದಳು. ತಳದಲ್ಲಿದ್ದ ಅಳತೆಯ ಚಮಚ ಜಾರಿ ಓಬಳಪ್ಪನ ಎದೆಯ ಮೇಲೆ ಬಿತ್ತು. ರೇಣುಕಪ್ರಸಾದ್ ಕುಣಿಯ ಅಂಚಿನಲ್ಲಿ ಮಂಡಿಯೂರಿ ಬಗ್ಗಿದ.

ಗೋಣೆಪ್ಪ ಸಲಿಕೆ ತುಂಬ ಮಣ್ಣು ಎತ್ತಿಕೊಂಡು, "ಹಿಂದಕ್ಕೆ ಸರ್ಕೊಳ್ರಿ ಸಾವ್ಕಾರ್ರೆ," ಎಂದ.