ಎರಡು ಗಂಟೆಯ ಭೋಂ

ಹಲ್ವ ಸೀದು ಹೋಗಿತ್ತು. ಅಷ್ಟು ದೊಡ್ಡ ಉರುಳಿಯಲ್ಲಿ ತಿನ್ನುವಂಥದ್ದು ಒಂದು ಚಮಚವೂ ಉಳಿದಿರಲಿಲ್ಲ.

ಇದು ಎಂಬತ್ತರ ದಶಕದ ಮಾತು. ಅಪ್ಪನ ಬ್ಯಾಂಕು ನಮ್ಮನ್ನು ಉಡುಪಿಯಿಂದ ಕಲ್ಕತ್ತಕ್ಕೆ ತಂದಿತ್ತು. ಅಮ್ಮ ಕುಸುಮಾವತಿ ಸುಮ್ಮನೆ ಕೂರುವ ಜೀವವಲ್ಲ. ದಕ್ಷಿಣೇಶ್ವರದಲ್ಲಿ ಒಂದು ಶೆಡ್ ಹಿಡಿದು, ಐದು ಹೆಂಗಸರನ್ನು ಸೇರಿಸಿ, ಪೇರಳೆ ಹಲ್ವದ ಸಣ್ಣ ಕಂಪನಿ ಶುರು ಮಾಡಿದಳು. ಹಣ್ಣು ಕಲ್ಕತ್ತದ ಹೊರಗಿನ ಬಾರುಯಿಪುರದ್ದು, ಕೈರುಚಿ ನಮ್ಮೂರಿನದು. ಕಾಲೇಜು ಮುಗಿಸಿದ್ದ ನಾನು ಡಬ್ಬಿಗೆ ಲೇಬಲ್ ಅಂಟಿಸುತ್ತಿದ್ದೆ. ಆ ಶೆಡ್ಡಿನ ಪರಿಮಳ ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ, ಕಣ್ಣಲ್ಲೂ.

ಅಲ್ಲಿ ಗಡಿಯಾರ ಇರಲಿಲ್ಲ. ಪಕ್ಕದ ಸೆಣಬಿನ ಮಿಲ್ಲಿನ ಸೈರನ್ನೇ ನಮ್ಮ ಗಡಿಯಾರ. ಅದಕ್ಕೆ ಅಲ್ಲಿಯವರು ‘ಭೋಂ’ ಎನ್ನುತ್ತಿದ್ದರು. ದಿನವೂ ಸಕ್ಕರೆ ಹಾಕಿಸಿ ಊಟಕ್ಕೆ ಹೊರಡುವಾಗ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: “ಎರಡು ಗಂಟೆಯ ಭೋಂ ಕೂಗಿದಾಗ ಇಳಿಸು. ಮೊದಲೂ ಬೇಡ, ಆಮೇಲೂ ಬೇಡ.”

ಆವತ್ತು ಮಧ್ಯಾಹ್ನ ಮಿಲ್ಲಿನ ಗೇಟಿಗೆ ಲಾಕೌಟ್ ನೋಟಿಸ್ ಬಿತ್ತು. ಭೋಂ ಕೂಗಲಿಲ್ಲ. ಆ ಐವರಲ್ಲಿ ಒಲೆ ನೋಡಿಕೊಳ್ಳುತ್ತಿದ್ದ ಸುಭದ್ರಾ ಅದನ್ನೇ ಕಾಯುತ್ತಾ ಸೌಟು ಆಡಿಸುತ್ತಲೇ ಇದ್ದಳು.

ಅಮ್ಮನೂ ನಾನೂ ಬಂದಾಗ ಶೆಡ್ಡೆಲ್ಲ ಹೊಗೆ. “ದೀದಿ, ಭೋಂ ಕೂಗಲೇ ಇಲ್ಲ,” ಎಂದಳು ಸುಭದ್ರಾ ಬಂಗಾಳಿಯಲ್ಲಿ.

ಅಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಾಳೆಯಿಂದ ಬರುವುದು ಬೇಡ ಅಂತ ಹೇಳು, ವಸು.”

ಅಮ್ಮನಿಗೆ ಬಂಗಾಳಿ ಅಷ್ಟಕ್ಕಷ್ಟೆ. ಹೇಳಬೇಕಾದವಳು ನಾನು. ಸುಭದ್ರಾಳ ಗಂಡ ಅದೇ ಮಿಲ್ಲಿನ ಕೂಲಿ. ಅಂದಿನಿಂದ ಅವನಿಗೂ ಕೆಲಸವಿಲ್ಲ. ನಾನು ಹೊಗೆ ಹೋಗಲಿ ಎಂದು ಕಿಟಕಿ ತೆರೆಯಲು ಹೋದೆ.

ಅಷ್ಟರಲ್ಲಿ ಸುಧಾಕರಣ್ಣ ಬಂದ. ನಮ್ಮೂರಿನವನೇ, ಫ್ಯಾನ್ ಫ್ಯಾಕ್ಟರಿಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸ. ಹಲ್ವ ತಿನ್ನಲು ಬಂದವನು ಪಂಚಾಯಿತಿಗೆ ಕೂರಬೇಕಾಯಿತು.

“ಕುಸುಮಕ್ಕ, ಹೋದ ತಿಂಗಳು ಇವಳು ಭೋಂ ಕೂಗುವ ಮೊದಲೇ ಇಳಿಸಿದಾಗ ಎಂತ ಹೇಳಿದ್ರಿ?”

ಅಮ್ಮನ ಬದಲು ನಾನೇ ಹೇಳಿದೆ: “ಸ್ವಂತ ಬುದ್ಧಿ ಓಡಿಸಬೇಡ ಅಂತ ಬೈದಿದ್ರು.”

“ಮತ್ತೆ? ಇವತ್ತು ಓಡಿಸಲಿಲ್ಲ.”

“ಹದ ನೋಡಬೇಕಿತ್ತು ಮಾರಾಯ!”

“ಆ ಹದ ಎಲ್ಲಿ ಉಂಟು?”

“ನನ್ನ ಕೈಯಲ್ಲಿ.”

“ಕೈ ಊಟಕ್ಕೆ ಮನೆಗೆ ಹೋಗಿತ್ತಲ್ಲ ಅಕ್ಕ! ಅದನ್ನು ಬರೆದಿಟ್ಟು ಹೋಗಿ.”

“ಹಲ್ವಕ್ಕೆ ಎಂತ ಬರೆಯುವುದು? ಇದು ನಿನ್ನ ಫ್ಯಾನ್ ಫ್ಯಾಕ್ಟರಿಯಾ?”

“ನಮ್ಮಲ್ಲಿ ಫ್ಯಾನ್ ಕೆಟ್ಟರೆ ಮೊದಲು ಮನುಷ್ಯನನ್ನು ಬೈಯುವುದಿಲ್ಲ. ಹೇಗೆ ಮಾಡಬೇಕು ಅಂತ ಬರೆದ ಹಾಳೆ ನೋಡ್ತೇವೆ. ಹಾಳೆಯಲ್ಲಿ ಇಲ್ಲದಿದ್ರೆ ತಪ್ಪು ಹಾಳೆ ಬರೆದವರದ್ದು. ನೀವು ಹಾಳೆಯನ್ನೇ ಬರೆಯಲಿಲ್ಲ.”

ಅಮ್ಮ ಸೀದ ಉರುಳಿಗೆ ನೀರು ಹೊಯ್ದಳು. ಆಮೇಲೆ ಮೆಲ್ಲಗೆ ಕೇಳಿದಳು: “ವಸು, ನಾನು ಹೇಳಿದ್ದು ಅವಳಿಗೆ ಹೇಳಿದೆಯಾ?”

“ಇಲ್ಲಮ್ಮ.”

“ಹೇಳಬೇಡ. ನಾಳೆ ಬೇಗ ಬರಲಿಕ್ಕೆ ಹೇಳು.”

ಮರುದಿನ ಸುಧಾಕರಣ್ಣ ತಕ್ಕಡಿ, ಕೈಗಡಿಯಾರ ಹಿಡಿದು ಕೂತ. ಅಮ್ಮ “ಸ್ವಲ್ಪ” ಅಂದಾಗೆಲ್ಲ “ಸ್ವಲ್ಪ ಅಂದ್ರೆ ಎಷ್ಟು?” ಎಂದು ಕಾಡಿದ. ಹಣ್ಣು ಎಷ್ಟು, ಸಕ್ಕರೆ ಎಷ್ಟು, ಉರಿ ಎಷ್ಟು, ಯಾವಾಗ ಇಳಿಸಬೇಕು, ಸುಭದ್ರಾಳನ್ನೂ ಕೂರಿಸಿಕೊಂಡು ಎಲ್ಲ ಬರೆದೆವು. ಹದವನ್ನೂ ಬರೆದೆವು: ಹಲ್ವ ತಳ ಬಿಡಬೇಕು, ಚೂರು ತೆಗೆದು ಉಂಡೆ ಮಾಡಿದರೆ ಬೆರಳಿಗೆ ಅಂಟಬಾರದು. ಗೋಡೆಗೊಂದು ಗಡಿಯಾರವೂ ಬಂತು. ಅದು ನಿಂತರೂ ಬೆರಳು ಹೇಳುತ್ತದೆ.

ನಾನು ಬರೆದ ಹಾಳೆ ಬಂಗಾಳಿಯಲ್ಲಿತ್ತು. “ನನ್ನ ಹಲ್ವ ನನಗೇ ಓದಲಿಕ್ಕೆ ಬರುವುದಿಲ್ಲ!” ಎಂದು ಅಮ್ಮ ಗೊಣಗಿದಳು.

“ಓದಬೇಕಾದವಳು ಸುಭದ್ರಾ ಅಲ್ವಾ ಅಕ್ಕ?”

ಮಳೆಗಾಲ ಬಂದಾಗ ಸುಭದ್ರಾಳೇ ಅಮ್ಮನನ್ನು ಕರೆದಳು. ಹಣ್ಣಲ್ಲಿ ನೀರು ಜಾಸ್ತಿ, ಬರೆದ ಹೊತ್ತು ಸಾಲದು. ಅಮ್ಮ ಬೆರಳಿಗೆ ಹಚ್ಚಿ ನೋಡಿದಳು, ಒಪ್ಪಿದಳು. ‘ಮಳೆಗಾಲದಲ್ಲಿ ಹತ್ತು ನಿಮಿಷ ಹೆಚ್ಚು’ ಎಂದು ನನ್ನ ಕೈಯಲ್ಲಿ ಬರೆಸಿ, ತಾರೀಕು ಹಾಕಿಸಿ, ಕೆಳಗೆ ಕನ್ನಡದಲ್ಲಿ ಸಹಿ ಮಾಡಿದಳು. ಅದರ ಪಕ್ಕ ಸುಭದ್ರಾಳ ಬಂಗಾಳಿ ಸಹಿ. ಅವಳಷ್ಟು ನೆಟ್ಟಗೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಎಂಟು ತಿಂಗಳ ಮೇಲೆ ಮಿಲ್ಲು ತೆರೆಯಿತು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಭೋಂ ಕೂಗಿತು. ಎಲ್ಲರ ಕೈ ನಿಂತಿತು. ಸುಭದ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಡನಿಗೆ ಕೆಲಸ ಸಿಕ್ಕಿತ್ತು. ಆಮೇಲೆ ಗೋಡೆಯ ಹೊಸ ಗಡಿಯಾರ ನೋಡಿದಳು, ಚೂರು ಹಲ್ವ ತೆಗೆದು ಉಂಡೆ ಮಾಡಿದಳು. ಬೆರಳಿಗೆ ಅಂಟಿತು.

“ಇನ್ನೂ ಆಗಿಲ್ಲ ದೀದಿ,” ಎಂದು ಸೌಟು ಆಡಿಸಿದಳು. ಅಮ್ಮ ನಕ್ಕುಬಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕಂಪನಿ ಸಣ್ಣದಿರಲಿ, ದೊಡ್ಡದಿರಲಿ, ಒಳ್ಳೆಯ ಮಾಲು ಅಂದರೆ ಯಾವುದು, ಅದನ್ನು ಮಾಡುವುದು ಹೇಗೆ ಎಂದು ಬರೆದಿಡಿ. ಮಾಡುವವರ ಜೊತೆ ಕೂತು, ಅವರು ಓದುವ ಭಾಷೆಯಲ್ಲಿ ಬರೆಯಿರಿ. ತಿದ್ದಿದರೆ ತಾರೀಕು ಹಾಕಿ. ನೀವು ಯಾವ ಭೋಂ ನಂಬಿ ಕೂತಿದ್ದೀರಿ? ಅದು ಕೂಗದ ದಿನ ಯಾರ ಮೇಲೆ ಕೂಗುತ್ತೀರಿ?