ರ‍್ಯಾಂಪಿನ ಮೇಲೆ ಓವರ್‌ಟೇಕ್

ಆ ಮನೆಯವರ ನಡಿಗೆಯ ಸುದ್ದಿ ಎತ್ತಿದರೆ ಕೇಳುವವರಿಗೇ ಏದುಸಿರು ಬರುತ್ತದೆ. ಅಪ್ಪ ಪೋಸ್ಟ್‌ಮ್ಯಾನ್. ಆತ ಬೀದಿಗಿಳಿದರೆ ನಾಯಿಗಳು ಅಟ್ಟಿಸಿಕೊಂಡು ಹೊರಟು, ಅರ್ಧ ದಾರಿಯಲ್ಲೇ ಸೋತು, ನಾಲಿಗೆ ಚಾಚಿ ಕುಳಿತುಬಿಡುತ್ತಿದ್ದವು. ಅಮ್ಮ ದೊಡ್ಡ ಆಸ್ಪತ್ರೆಯ ನರ್ಸು. ರೋಗಿ ಗಂಟೆಯ ಮೇಲಿಟ್ಟ ಬೆರಳು ತೆಗೆಯುವುದರೊಳಗೆ ಮಂಚದ ಪಕ್ಕ ನಿಂತು "ಏನಾಯ್ತು?" ಎನ್ನುವವಳು. ಅಜ್ಜಿಯಂತೂ ಮೊಣಕಾಲು ಕೈಕೊಟ್ಟ ಮೇಲೆಯೇ ಉಳಿದ ಲೋಕದವರ ವೇಗಕ್ಕೆ ಇಳಿದದ್ದು. ಇಂಥ ವಂಶದ ಕುಡಿ ನಮ್ಮ ಹುಡುಗಿ. ತೊಟ್ಟಿಲಿನಿಂದ ಇಳಿದವಳು ಅಂಬೆಗಾಲಿಡಲು ಪುರಸೊತ್ತಿಲ್ಲದೆ ನೇರ ಬಾಗಿಲಿಗೇ ಓಡಿದಳಂತೆ. "ಇವಳ ಕಾಲಲ್ಲಿ ಚಕ್ರ ಇದೆ" ಎಂದು ಅಜ್ಜಿ ಅಂದದ್ದೇ ತಡ, ಚಕ್ರ ಎನ್ನುವುದೇ ಹೆಸರಾಗಿ ಅಂಟಿಕೊಂಡಿತು. ಇದೆಲ್ಲ ಸುಳ್ಳೆನಿಸಿದರೆ ಅರ್ಧ ಕಳೆಯಿರಿ. ಉಳಿದರ್ಧವೂ ನಿಮ್ಮ ನಮ್ಮ ಮನೆಯಲ್ಲಿ ನಡೆಯುವಂಥದ್ದಲ್ಲ.

ಎತ್ತರವೂ ಹಾಗೆಯೇ. ಅವಳು ನಿಂತರೆ ಬೀದಿದೀಪಕ್ಕೆ ತನ್ನ ಕೆಲಸದ ಮೇಲೆ ಅನುಮಾನ ಬರುತ್ತಿತ್ತು. ಈ ಎತ್ತರ, ಈ ಕತ್ತು, ಈ ಉದ್ದ ಮೂಗು ಇರುವ ಫೋಟೋ ನೋಡಿ ಮಾಡೆಲಿಂಗ್ ಏಜೆನ್ಸಿಯವರು ಕುಣಿದಾಡಿ ಆರಿಸಿಕೊಂಡರು. ಫೋಟೋದಲ್ಲಿ ಅವಳು ನಿಂತಿದ್ದಳು. ನಡೆದದ್ದನ್ನು ಯಾರೂ ನೋಡಿರಲಿಲ್ಲ. ಎಡವಟ್ಟಾದದ್ದೇ ಅಲ್ಲಿ.

ಫ್ಯಾಷನ್ ಶೋದ ಮೊದಲ ರಿಹರ್ಸಲ್ಲಿನಲ್ಲಿ ಹೆಜ್ಜೆ ಮಾಸ್ತರರು ಚಿಟಿಕೆ ಹೊಡೆದರು. ಮಾಡೆಲುಗಳಿಗೆ ನಡಿಗೆ ಕಲಿಸುವುದೇ ಈ ಮಾಸ್ತರರ ಕಸುಬು. ಅವರ ಚಿಟಿಕೆಗೆ ಗಡಿಯಾರದ ಮುಳ್ಳು ಕೂಡ ಸೊಂಟ ತಿರುಗಿಸಿಕೊಂಡು ನಡೆಯುತ್ತಿತ್ತು ಎಂದು ಪ್ರತೀತಿ. ಚಿಟಿಕೆಗೆ ಒಬ್ಬೊಬ್ಬರಂತೆ ರ‍್ಯಾಂಪಿನ ಮೇಲೆ ಹೊರಟರು. ಚಕ್ರಳ ಮುಂದೆ ಇದ್ದವಳು ರಾಣಿ, ಎಲ್ಲರಿಗಿಂತ ಹಿರಿಯ ಮಾಡೆಲ್. ಅವಳು ಗಾಂಭೀರ್ಯದಿಂದ ಅರ್ಧ ರ‍್ಯಾಂಪು ದಾಟುವಷ್ಟರಲ್ಲಿ ಪಕ್ಕದಿಂದ ಏನೋ ಭರ‍್ರೆಂದು ಹಾದುಹೋಯಿತು. ಚಕ್ರ ಆ ತುದಿ ಮುಟ್ಟಿ, ತಿರುಗಿ, ರಾಣಿಗೆ ಎದುರಾಗಿ ಬಂದು, "ನಮಸ್ಕಾರ ಅಕ್ಕಾ" ಎಂದು ಹೇಳಿ ವಾಪಸ್ಸೂ ಬಂದಳು.

"ಏನಮ್ಮಾ ಇದು?" ಎಂದರು ಮಾಸ್ತರರು.

"ನಡೆದೆ ಸಾರ್."

"ನಡೆದ್ಯಾ? ನಾನು ಎಲ್ಲೋ ಬೆಂಕಿ ಬಿತ್ತು ಅಂದ್ಕೊಂಡೆ. ಇದು ರ‍್ಯಾಂಪು ಕಣಮ್ಮ, ಹೈವೇ ಅಲ್ಲ. ಇಲ್ಲಿ ಓವರ್‌ಟೇಕ್ ಮಾಡೋ ಹಾಗಿಲ್ಲ."

ರಾಣಿ ಉಗುರು ನೋಡಿಕೊಳ್ಳುತ್ತ ಹೇಳಿದಳು: "ಇಲ್ಲೀವರೆಗೂ ನನ್ನನ್ನ ಹಿಂದೆ ಹಾಕಿದೋರು ಯಾರೂ ಇಲ್ಲ ಕಣೇ. ವಯಸ್ಸೊಂದು ಬಿಟ್ಟು."

ಮಾಸ್ತರರು ಚಕ್ರಳನ್ನು ಬದಿಗೆ ಕರೆದರು. ಶೋದ ಕೊನೆಯ ಉಡುಪು, ಡಿಸೈನರಮ್ಮ ಹಗಲಿರುಳು ಕಣ್ಣುನೆಟ್ಟು ಹೊಲಿಸಿದ ಉದ್ದ ಕೋಟು, ಅವಳ ಎತ್ತರಕ್ಕೆಂದೇ ತಯಾರಾಗಿತ್ತು. ಕೊನೆಯ ಉಡುಪು ತೊಟ್ಟವಳ ಮುಖವೇ ನೋಡಿದವರ ಕಣ್ಣಲ್ಲಿ ಉಳಿಯುವುದು. ಆಮೇಲೆ ಕೆಲಸ ತಾನಾಗಿ ಮನೆ ಬಾಗಿಲಿಗೆ ಬರುತ್ತದೆ. "ಶೋ ಹೊತ್ತಿಗೆ ನಿಧಾನ ಕಲಿತ್ರೆ ಕೋಟು ನಿನ್ನದು," ಎಂದರು ಅವರು. "ಇಲ್ಲಾಂದ್ರೆ ನಿನ್ನ ದಾರಿ ನಿನಗೆ. ಅದನ್ನಂತೂ ಬೇಗನೇ ಮುಗಿಸ್ತೀಯ."

ಚಕ್ರ ಕಲಿತಳು. ಮನೆಯ ಹಜಾರದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು, ಗದ್ದ ಎತ್ತಿ, ಉಸಿರು ಬಿಗಿಹಿಡಿದು. ಮನೆಯವರಿಗೆ ಅದನ್ನು ನೋಡಲಾಗಲಿಲ್ಲ. ಅಮ್ಮ ನಾಡಿ ಹಿಡಿದು ನೋಡಿದಳು. ಅಪ್ಪ ಚಪ್ಪಲಿಯ ಒಳಗೆ ಮುಳ್ಳು ಹುಡುಕಿದ. ಅಜ್ಜಿ ಮಾತ್ರ ಕುಳಿತಲ್ಲಿಂದಲೇ, "ಈ ನಡಿಗೇಲಿ ಹಾಲು ತರೋಕೆ ಹೋದ್ರೆ ಮೊಸರು ತರ್ತೀಯ ಕಣೇ," ಎಂದಳು.

ಆದರೆ ಮಾಸ್ತರರು ಮೆಚ್ಚಿದರು. "ಈಗ ನೀನು ಮಾಡೆಲ್ಲು," ಎಂದು ಬೆನ್ನು ತಟ್ಟಿದರು. ಚಕ್ರ ಉಬ್ಬಿಹೋದಳು. ಉಬ್ಬಿಕೊಂಡು ಬೀದಿಗೆ ಬಂದಳು. ಕಲಿತ ನಡಿಗೆ ಕಾಲು ಬಿಡಲಿಲ್ಲ. ಊರುಗೋಲಿನ ಮುದುಕರೊಬ್ಬರು "ಜಾಗ ಬಿಡು ಮಗಳೇ" ಎಂದು ಅವಳನ್ನು ದಾಟಿಕೊಂಡು ಹೋದರು. ಬಸ್ಸು ಕಣ್ಣೆದುರೇ ಹೊರಟಿತು. ಆ ವಂಶದಲ್ಲಿ ಬಸ್ಸು ತಪ್ಪಿಸಿಕೊಂಡ ಮೊದಲಿಗಳು ಅವಳು. ನಿಲ್ದಾಣದಲ್ಲಿ ಅಳು ಬಂತು; ಬಸ್ಸಿಗಾಗಿ ಅಲ್ಲ, ತನ್ನ ಕಾಲಿಗಾಗಿ.

ಮರುದಿನವೇ ಶೋ. ರ‍್ಯಾಂಪಿನ ಹಿಂದಿನ ಕೋಣೆಯಲ್ಲಿ ಕನ್ನಡಿಗೊಂದು ಬಲ್ಬಿನ ಸಾಲು, ಬಲ್ಬಿಗೊಂದು ಜಗಳ. ಹ್ಯಾಂಗರುಗಳು ಚಟಪಟ, ಇಸ್ತ್ರಿಪೆಟ್ಟಿಗೆಯ ಹಬೆ ಬುಸ್‌ಬುಸ್, ಕೂದಲಿಗೆ ಹೊಡೆಯುವ ಸ್ಪ್ರೇಯ ಘಾಟಿಗೆ ಯಾರೋ ಸೀನಿದ ಸೀನಿನಿಂದ ಮೇಕಪ್ಪಿನ ಪೌಡರು ಮೂರು ಮುಖಗಳಿಗೆ ತಾನಾಗಿ ಹತ್ತಿತು. ನಡುವೆ ಡಿಸೈನರಮ್ಮ, ತುಟಿಗಳ ತುಂಬ ಗುಂಡುಪಿನ್ನು ಕಚ್ಚಿಕೊಂಡು. ಅವರು ಚಕ್ರಳಿಗೆ ಕೋಟು ತೊಡಿಸಿ, "ಆ ಗೋಡೇವರೆಗೂ ಹೋಗಿ ಬಾ" ಎಂದರು.

ಚಕ್ರ ಕಲಿತದ್ದನ್ನು ಒಪ್ಪಿಸಿದಳು. ಗಾಳಿಗಿಂತ ತೆಳುವಾದ ಬಟ್ಟೆ, ರೆಕ್ಕೆಯಂತೆ ಕತ್ತರಿಸಿದ ಅಂಚು. ಅಷ್ಟಿದ್ದೂ ಕೋಟು ಒದ್ದೆ ಟವೆಲ್ಲಿನಂತೆ ಜೋತುಬಿದ್ದಿತು. ಡಿಸೈನರಮ್ಮನ ಮುಖ ಸಣ್ಣದಾಯಿತು. "ನಾನು ಹೊಲಿಸಿದ್ದು ಕೋಟೋ, ಕಿಟಕಿ ಪರದೇನೋ?" ಎಂದು ಪಿನ್ನುಗಳ ಸಂದಿಯಿಂದ ಗೊಣಗಿ ಕತ್ತರಿ ಕೇಳಿದರು.

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಕೋಟು ಮೊಟಕಾಗುತ್ತಿತ್ತು, ಅವಳ ಪಾಲಿಗೆ ಉಳಿಯುತ್ತಿತ್ತು. ಆದರೆ ಚಕ್ರಳ ಬಾಯಿಗೂ ಕಾಲಿನದೇ ವೇಗ.

"ಮೇಡಂ, ಈ ನಡಿಗೆ ನನ್ನದಲ್ಲ. ಸಾರ್ ಕಲಿಸಿದ್ದು. ನನ್ನದು ಬೇರೆ ಇದೆ."

"ಬೇಡ ಮೇಡಂ," ಎಂದು ಮಾಸ್ತರರು ಅಡ್ಡ ಬಂದರು. "ಅವಳದ್ದು ನಡಿಗೆ ಅಲ್ಲ, ಅಪಘಾತ." ಅವಳ ಕಿವಿಯ ಹತ್ತಿರ ಬಗ್ಗಿ, "ಬಾಯಿ ಮುಚ್ಕೊಂಡು ನಿಧಾನ ನಡಿ. ಇಲ್ಲಾಂದ್ರೆ ಕೋಟೂ ಇಲ್ಲ, ಶೋನೂ ಇಲ್ಲ," ಎಂದರು.

ಚಕ್ರ ಒಂದು ಗಳಿಗೆ ಕನ್ನಡಿ ನೋಡಿಕೊಂಡಳು. ಕೋಟಿನ ಒಂದು ತೋಳು ಬಿಚ್ಚಿದಳು, ಆಮೇಲೆ ಇನ್ನೊಂದನ್ನು. "ಹಾಗಾದ್ರೆ ಇದು ಇಲ್ಲೇ ಇರ್ಲಿ ಸಾರ್. ಬೇರೆಯೋರ ಕಾಲಲ್ಲಿ ನಡೆಯೋಕೆ ಹೋಗಿ ನಿನ್ನೆ ನನ್ನ ಬಸ್ಸೇ ತಪ್ಪಿಹೋಯ್ತು."

ಕೋಟನ್ನು ಮಡಿಸಿ ಅವರ ಕೈಗಿಟ್ಟು ಬಾಗಿಲ ಕಡೆ ಹೊರಟಳು, ಹುಟ್ಟಿದಂದಿನ ತನ್ನ ವೇಗದಲ್ಲಿ. ಆ ರಭಸಕ್ಕೆ ಹ್ಯಾಂಗರಿನ ಬಟ್ಟೆಗಳೆಲ್ಲ ಎದ್ದು ಕೈಬೀಸಿದವು. ಟಿಶ್ಯೂ ಕಾಗದಗಳು ಪಾರಿವಾಳಗಳಾದವು. ಇಸ್ತ್ರಿಯವನ ಹಬೆ ತಿರುಗಿ ಅವನ ಮುಖಕ್ಕೇ ಹೊಡೆಯಿತು. ಡಿಸೈನರಮ್ಮನ ಬಾಯಿ ತೆರೆದು ಪಿನ್ನುಗಳೆಲ್ಲ ನೆಲಕ್ಕೆ ಉದುರಿದವು. ನುಂಗದೆ ಉಳಿದದ್ದು ಅವರ ಪುಣ್ಯ.

"ಏ ಹುಡುಗಿ, ನಿಂತ್ಕೊ." ತಕ್ಷಣ ತಿದ್ದಿಕೊಂಡರು. "ಇಲ್ಲ ಇಲ್ಲ, ನಿಂತ್ಕೋಬೇಡ. ಕೋಟು ಹಾಕ್ಕೊಂಡು ಹೀಗೇ ಬಾ."

"ಹಾಡಿನ ಲೆಕ್ಕ ಕೆಡುತ್ತೆ ಮೇಡಂ," ಎಂದರು ಮಾಸ್ತರರು. "ಮುಂದೆ ರಾಣಿ ಇರ್ತಾಳೆ. ಇವಳು ಹೋಗಿ ಗುದ್ದುತ್ತಾಳೆ."

"ಕೆಡ್ಲಿ. ಲೆಕ್ಕ ಸರಿಯಾಗಿ ಬಟ್ಟೆ ಸತ್ತರೆ ನನಗೇನು ಬಂತು?"

ದೀಪಗಳು ಆರಿದವು, ಹಾಡು ಎದ್ದಿತು. ಒಬ್ಬೊಬ್ಬರೇ ಹೋಗಿ ಬಂದರು. ಕೊನೆಗೆ ಬಿಗಿ ಗೌನಿನಲ್ಲಿ ರಾಣಿ. ಅವಳ ಹಿಂದೆ ಚಕ್ರ. ಪರದೆ ದಾಟಿ ಅವಳು ಕಾಲಿಟ್ಟಳೋ ಇಲ್ಲವೋ, ಕೋಟು ಬೆನ್ನ ಹಿಂದೆ ಬಿಚ್ಚಿಕೊಂಡು ಹಡಗಿನ ಹಾಯಿಯಂತೆ ಎದ್ದಿತು. ಮುಂದಿನ ಸಾಲಿನವರ ಟೋಪಿಗಳು ಹಿಂದಿನ ಸಾಲಿನವರ ತಲೆಗೆ ಹೋದವು. ಫೋಟೋದವರು ಕ್ಯಾಮೆರಾ ಎತ್ತುವಷ್ಟರಲ್ಲಿ ಬರೀ ಬೆನ್ನು ಸಿಕ್ಕಿತು. ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದ ಅಮ್ಮ ಅಪ್ಪನ ತೋಳು ಚಿವುಟಿ, "ಈಗ ಸರಿಹೋದ್ಲು ನೋಡ್ರಿ," ಎಂದಳು.

ರ‍್ಯಾಂಪಿನ ನಡುವೆ ಚಕ್ರ ರಾಣಿಯ ಬೆನ್ನಿಗೆ ಬಂದಳು. ರಾಣಿ ತುಟಿ ಅಲುಗಿಸದೆ ಕೇಳಿದಳು: "ಬಂದ್ಯಾ ಶನಿ?"

"ಸೈಡ್ ಕೊಡ್ತೀರಾ ಅಕ್ಕಾ?"

"ಸೈಡೂ ಇಲ್ಲ ಗೀಡೂ ಇಲ್ಲ. ನನಗೇನು ಕಾಲಿಲ್ವಾ?"

ಹಾಗೆಂದವಳೇ ರಾಣಿ ಗೌನನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ದಾಪುಗಾಲು ಹಾಕಿದಳು. ಪೆಟ್ಟಿಗೆಯಲ್ಲಿಟ್ಟ ಆಭರಣದಂತೆ ಇಷ್ಟು ಕಾಲ ಬಚ್ಚಿಟ್ಟಿದ್ದ ಕಾಲುಗಳು ಅವು. ಹೊರಗೆ ಬಂದದ್ದೇ ಬೆಂಕಿಕಡ್ಡಿ ಗೀರಿದಂತೆ ಹೊತ್ತಿಕೊಂಡವು. ಚಕ್ರ ಒಂದು ಹೆಜ್ಜೆ ಮುಂದೆ, ರಾಣಿ ಎರಡು ಹೆಜ್ಜೆ ಮುಂದೆ, ಮತ್ತೆ ಚಕ್ರ. ಇಬ್ಬರೂ ನಗುತ್ತಿದ್ದರು. ರ‍್ಯಾಂಪಿನ ಹಲಗೆಗಳು ದಡದಡ ಎಂದವು, ಜನ ಎದ್ದು ನಿಂತರು, ಸಿಳ್ಳೆಗಳು ಹಾಡನ್ನು ಮುಳುಗಿಸಿದವು. ತುದಿಯಲ್ಲಿ ಒಟ್ಟಿಗೇ ತಿರುಗಿ, ಭುಜಕ್ಕೆ ಭುಜ ತಾಗಿಸಿಕೊಂಡು, ಬಿರುಗಾಳಿಯ ಎರಡು ಮಕ್ಕಳಂತೆ ಪರದೆಯೊಳಗೆ ನುಗ್ಗಿದರು.

ಒಳಗೆ ಮಾಸ್ತರರು ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. "ಹಾಡು ಇನ್ನೂ ಅರ್ಧ ಇದೆ. ರ‍್ಯಾಂಪು ಖಾಲಿ. ಈಗ ನಾನೇನು ಹೋಗಿ ಕುಣೀಲಾ?"

ರಾಣಿ ಗೋಡೆಗೊರಗಿ ಉಸಿರು ಎಳೆದುಕೊಂಡಳು. ಕೆನ್ನೆಯ ಬಣ್ಣವೆಲ್ಲ ಬೆವರಿಗೆ ಕರಗಿ, ಒಳಗಿನ ಸ್ವಂತ ಕೆಂಪು ಮೇಲೆ ಬಂದಿತ್ತು. "ಲೇ ಚಕ್ರ," ಎಂದಳು, "ಇನ್ನೊಂದು ಸುತ್ತು ಬರ್ತೀಯಾ?"

ಉತ್ತರ ಕೊಡಲು ಚಕ್ರ ಅಲ್ಲಿರಲಿಲ್ಲ. ಪರದೆ ಅಲುಗಾಡುತ್ತಿತ್ತು, ಆಚೆ ಜನ ಮತ್ತೆ ಕೂಗತೊಡಗಿದ್ದರು.